ಅನುಮಾನದಕ್ಕನ ಮೂರು ಪರದೆಗಳು

ಬೆಳಗಿನ ಐದು ಮುಕ್ಕಾಲು. ಇಸ್ತ್ರಿ ಅಂಗಡಿಯ ಮೇಲಿನ ಎರಡನೇ ಮಹಡಿಯ ಕೋಣೆಯಲ್ಲಿ ನಲವತ್ತನಾಲ್ಕು ವರ್ಷದ ಹೆಂಗಸೊಬ್ಬರು ಗೋಡೆ ನೋಡುತ್ತಾ ಕೂತಿದ್ದಾರೆ. ಗೋಡೆಯ ಮೇಲೆ ಏನೂ ಇಲ್ಲ. ಕ್ಯಾಲೆಂಡರ್ ಇಲ್ಲ, ಗಡಿಯಾರ ಇಲ್ಲ, ಒಂದು ಮೊಳೆ ಕೂಡ ಇಲ್ಲ. ನಾಲ್ಕೂ ಗೋಡೆಗೆ ಒಂದೇ ಬೂದು ಬಣ್ಣ. ಅವರ ಅಂಗಿಯೂ ಬೂದು. ಕೆಂಪು ಬಟ್ಟೆ ತೊಟ್ಟು ಕೂತರೆ ಅದರ ಛಾಯೆ ಪರದೆಯ ಗಾಜಿಗೆ ಬೀಳುತ್ತದೆ, ಪರದೆಯಲ್ಲಿರುವ ಮುಖಗಳಿಗೆ ಇಲ್ಲದ ಕಳೆ ಬರುತ್ತದೆ. ಎದ್ದಾಗಿನಿಂದ ಅವರು ಫೋನ್ ಮುಟ್ಟಿಲ್ಲ. ಐದೂ ಕಾಲಿಗೆ ಬಂದು ಮಾನಿಟರ್ ಚಾಲೂ ಮಾಡಿದ್ದಾರೆ. ಅದು ಅರ್ಧ ಗಂಟೆ ಬಿಸಿಯಾಗಬೇಕು. ಅಲ್ಲಿಯವರೆಗೆ ಅದರತ್ತ ತಿರುಗಿಯೂ ನೋಡುವುದಿಲ್ಲ.

"ಬೆಳಿಗ್ಗೆ ಹೊತ್ತು ಕಣ್ಣು ಇನ್ನೂ ಯಾರ ಮಾತೂ ಕೇಳಿರಲ್ಲ. ಅದಕ್ಕೇ ಬೇಗ ಬರ್ತೀನಿ" ಎನ್ನುತ್ತಾರೆ. "ಹತ್ತು ಗಂಟೆ ಆದ್ಮೇಲೆ ನನ್ನ ಕಣ್ಣನ್ನ ನಾನೇ ಅಷ್ಟಾಗಿ ನಂಬಲ್ಲ."

ಸ್ಟುಡಿಯೊದಲ್ಲಿ ಇವರಿಗೆ ಅನುಮಾನದಕ್ಕ ಎಂದೇ ಹೆಸರು. ಎದುರಿಗೇ ಹಾಗೆ ಕರೆಯುತ್ತಾರೆ, ಅವರೂ ಓಗೊಡುತ್ತಾರೆ. ಕೆಲಸ, ವಿಡಿಯೊಗಳ ಬಣ್ಣ ಹದಗೊಳಿಸುವುದು. ಬೇರೆ ಬೇರೆ ದಿನ, ಬೇರೆ ಬೇರೆ ಬೆಳಕಿನಲ್ಲಿ ತೆಗೆದ ದೃಶ್ಯಗಳು ಒಂದರ ಪಕ್ಕ ಒಂದು ಬಂದಾಗ ಒಂದೇ ಹೊತ್ತಿನವು ಎನಿಸಬೇಕು. ಅದು ಸರಿಯಾದರೆ ನೋಡುವವರಿಗೆ ಅಲ್ಲೊಂದು ಕೆಲಸ ನಡೆದಿದೆ ಎಂದೇ ತಿಳಿಯುವುದಿಲ್ಲ. ಚಿತ್ರದ ಕೊನೆಯಲ್ಲಿ ಓಡುವ ಹೆಸರುಗಳ ಸಾಲಿನಲ್ಲಿ ಇವರ ಹೆಸರು ಬರುವ ಹೊತ್ತಿಗೆ ಮನೆಗಳಲ್ಲಿ ಟಿ.ವಿ. ಆರಿರುತ್ತದೆ.

ಈಚೆಗೆ ಸ್ಟುಡಿಯೊಗೆ ಸಿಕ್ಕಿರುವುದು ಎಚ್‌ಡಿಆರ್ ಕೆಲಸ. ಸಾಮಾನ್ಯ ವಿಡಿಯೊದಲ್ಲಿ ಕಿಟಕಿಯಾಚೆಯ ಬಿಸಿಲೂ ಒಳಗಿನ ಬಿಳಿ ಗೋಡೆಯೂ ಹೆಚ್ಚುಕಡಿಮೆ ಒಂದೇ ಬಿಳುಪು. ಎಚ್‌ಡಿಆರ್‌ನಲ್ಲಿ ಬಿಸಿಲು ಬಿಸಿಲಿನಂತೆ ಹೊಳೆಯುತ್ತದೆ, ನೆರಳಿನಲ್ಲಿರುವ ಕೈಬೆರಳೂ ಕಾಣುತ್ತದೆ. ಹೊಳಪಿನ ಅಳತೆಯನ್ನು ನಿಟ್ ಎನ್ನುತ್ತಾರೆ. ಹಳೆಯ ಬಗೆಯ ವಿಡಿಯೊಗೆ ನೂರು ನಿಟ್ ಸಾಕು, ಹೊಸದರಲ್ಲಿ ಸಾವಿರದವರೆಗೂ ಹೋಗಬಹುದು. ಸ್ಟುಡಿಯೊಗೆ ಬಂದಿರುವುದು ಗಾಜು ಊದುವ ಕೆಲಸಗಾರರ ಬಗೆಗಿನ ಎಂಟು ಕಂತುಗಳ ಸಾಕ್ಷ್ಯಚಿತ್ರ. ಒಂದು ಕಡೆ ಕುಲುಮೆಯ ಬೆಂಕಿ, ಇನ್ನೊಂದು ಕಡೆ ಕತ್ತಲಲ್ಲಿ ನಿಂತ ಬೆವರಿದ ಮುಖಗಳು. ಎರಡೂ ಉಳಿಯಬೇಕು.

ಮೊದಲ ಕಂತು ಕಳಿಸಿದ ಹನ್ನೊಂದನೇ ದಿನಕ್ಕೆ ವಾಪಸು ಬಂತು. ಕೊಳ್ಳುವ ಕಂಪನಿಯ ತಪಾಸಣೆಗಾರ ಮೂವತ್ತೇಳು ದೃಶ್ಯಗಳನ್ನು ಪಟ್ಟಿ ಮಾಡಿದ್ದ. ಕುಲುಮೆಯ ಬಾಯಿ ತೆರೆದಾಗಲೆಲ್ಲ ನೋಡುವವರ ಕಣ್ಣು ಕುಕ್ಕುತ್ತದೆ ಎಂಬುದು ದೂರು. ಕಾರಣ ಹುಡುಕಲು ಅಕ್ಕನಿಗೆ ಎರಡು ದಿನ ಹಿಡಿಯಿತು. ಸ್ಟುಡಿಯೊದ ಹಳೆಯ ಮಾನಿಟರ್‌ಗೆ ತನ್ನನ್ನು ತಾನು ಕಾಪಾಡಿಕೊಳ್ಳುವ ಗುಣವಿತ್ತು. ಪರದೆಯ ಮೇಲೆ ಬೆಂಕಿ ದೊಡ್ಡದಾದ ಕೂಡಲೇ ಅದು ಸದ್ದಿಲ್ಲದೆ ಹೊಳಪು ಇಳಿಸುತ್ತಿತ್ತು. ಚಿತ್ರ ಮಂಕಾಯಿತೆಂದು ಅಕ್ಕ ಏರಿಸುತ್ತಿದ್ದರು. ಹೊಳಪು ತೋರಿಸುವ ಗ್ರಾಫ್ ಸಾವಿರದ ಗಡಿ ದಾಟದ ಕಾರಣ ತಪ್ಪೆಂದು ಅನಿಸಿರಲೂ ಇಲ್ಲ.

"ಅದು ಕದ್ದು ಇಳಿಸ್ತು, ನಾನು ಗೊತ್ತಿಲ್ದೆ ಏರಿಸ್ತಾ ಹೋದೆ. ಇಬ್ಬರೂ ಸೇರಿ ಕೆಡಿಸಿದ್ವಿ" ಎನ್ನುವಾಗ ಅವರ ದನಿಯಲ್ಲಿ ನಗುವಿಲ್ಲ.

ಸ್ಟುಡಿಯೊದ ಯಜಮಾನ ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವರು. ಕೆಟ್ಟವರಲ್ಲ, ಆದರೆ ವಿಷಯ ಸುತ್ತಿಬಳಸಿ ಹೇಳುವವರೂ ಅಲ್ಲ. "ಅಕ್ಕಾ, ಇನ್ನೊಂದ್ಸಲ ವಾಪಸ್ ಬಂದ್ರೆ ಮಿಕ್ಕ ಏಳು ಕಂತು ಬೇರೆಯವರ ಪಾಲು ಅಂತ ಬರೆದಿದ್ದಾರೆ. ಹಾಗಾದ್ರೆ ಈ ರೂಮನ್ನ ಡಬ್ಬಿಂಗ್‌ಗೆ ಕೊಟ್ಬಿಡ್ತೀನಿ. ನೀವು ಹಾರ್ಡ್‌ಡಿಸ್ಕ್ ಕಾಪಿ ಮಾಡೋದು ನೋಡ್ಕೊಳ್ಳಿ" ಎಂದರು. ಇಪ್ಪತ್ತೈದು ವರ್ಷ ಬಣ್ಣದ ಕೆಲಸ ಮಾಡಿದವರಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಹೊಸ ಮಾನಿಟರ್ ಕೊಡಿಸಲು ಯಜಮಾನ ಒಪ್ಪಿದರು. ಈ ಕೆಲಸಕ್ಕೆಂದೇ ತಯಾರಾಗುವ ಮಾನಿಟರ್‌ನ ಬೆಲೆಗೆ ಒಂದು ಕಾರು ಬರುತ್ತದೆ. ಅವರು ಒಪ್ಪಿದ್ದು ಸ್ಕೂಟರಿನ ಬೆಲೆಗೆ.

ಹೀಗಾಗಿ ಈ ವಾರ ಅಕ್ಕನ ಮುಂದೆ ಮೂರು ಮಾನಿಟರ್‌ಗಳಿವೆ. ಕಂಪ್ಯೂಟರ್ ಅಂಗಡಿಯವರು ಶನಿವಾರದವರೆಗೆ ಎಂದು ಕೊಟ್ಟಿದ್ದಾರೆ. ಒಂದನ್ನು ಉಳಿಸಿಕೊಂಡು ಎರಡನ್ನು ಹಿಂದಿರುಗಿಸಬೇಕು. ಅಂಗಡಿಯವರಿಗೆ ಈ ಪರೀಕ್ಷೆಯೇ ವಿಚಿತ್ರ.

"ಮೇಡಂ, ಡಬ್ಬದ ಮೇಲೇ ಬರೆದಿದ್ಯಲ್ಲ, ಸಾವಿರ ನಿಟ್ ಅಂತ?"

"ಡಬ್ಬ ನೋಡ್ಕೊಂಡು ಬಣ್ಣ ಹಾಕೋ ಹಾಗಿದ್ರೆ ಡಬ್ಬಾನೇ ತಗೊಂಡು ಹೋಗ್ತಿದ್ದೆ ಅಣ್ಣ."

ಪರೀಕ್ಷೆಯ ಸಾಮಗ್ರಿ ದೊಡ್ಡದೇನಲ್ಲ. ಕಂಪ್ಯೂಟರ್ ಮೌಸ್‌ನಷ್ಟಿರುವ ಒಂದು ಪ್ರೋಬ್. ಅದನ್ನು ಪರದೆಯ ಮುಂದೆ ನೇತುಹಾಕಿದರೆ ಹೊಳಪೆಷ್ಟು, ಬಣ್ಣ ಯಾವ ಕಡೆ ವಾಲಿದೆ ಎಂದು ಹೇಳುತ್ತದೆ. ಅದನ್ನೂ ಅಕ್ಕ ಪೂರ್ತಿ ನಂಬುವುದಿಲ್ಲ. ಪರಿಚಯದವರಿಂದ ಇನ್ನೊಂದು ಪ್ರೋಬ್ ಎರವಲು ತಂದು ಎರಡರ ಮಾತನ್ನೂ ತಾಳೆ ನೋಡುತ್ತಾರೆ. ಕಪ್ಪು ಪರದೆಯ ನಡುವೆ ಬಿಳಿ ಚೌಕವೊಂದನ್ನು ಮೂಡಿಸಿ, ಅದನ್ನು ಸಣ್ಣದು ದೊಡ್ಡದು ಮಾಡುತ್ತಾ ಹೊಳಪು ಬರೆದುಕೊಳ್ಳುತ್ತಾರೆ. ಇಪ್ಪತ್ತು ನಿಮಿಷ ಕೆಲಸ, ಎರಡು ನಿಮಿಷ ಗೋಡೆ. ಮತ್ತೆ ಇಪ್ಪತ್ತು, ಮತ್ತೆ ಗೋಡೆ. ಮಾನಿಟರ್ ಪರೀಕ್ಷೆ ಇಲ್ಲದ ದಿನಗಳಲ್ಲಿ ಹೀಗೆ ದಿನಕ್ಕೆ ಎಪ್ಪತ್ತು ದೃಶ್ಯ ಮುಗಿಯುತ್ತವೆ. ಒಂದು ಕಂತಿನಲ್ಲಿರುವುದು ಐನೂರ ಎಪ್ಪತ್ತು.

ಈ ಶಿಸ್ತು ಹತ್ತೊಂಬತ್ತನೇ ವಯಸ್ಸಿನಲ್ಲಿ ಸೇರಿದ ಫೋಟೊ ಲ್ಯಾಬಿನಿಂದ ಬಂದದ್ದು. ಅಲ್ಲಿ ಪ್ರಿಂಟ್ ತೆಗೆಯುವ ಯಂತ್ರದ ದ್ರಾವಣ ಮಧ್ಯಾಹ್ನದ ಹೊತ್ತಿಗೆ ಹಳಸಿ ಎಲ್ಲರ ಮುಖವೂ ಹಸಿರಾಗುತ್ತಿತ್ತಂತೆ. ಬೆಳಗಿನ ಪ್ರಿಂಟ್ ಪಕ್ಕ ಇಟ್ಟು ನೋಡದಿದ್ದರೆ ಗೊತ್ತಾಗುತ್ತಿರಲಿಲ್ಲ. ಮೊಬೈಲ್ ಬಂದು ಲ್ಯಾಬ್ ಮುಚ್ಚಿತು. ಮದುವೆ ವಿಡಿಯೊ, ಜಾಹೀರಾತು ಎಂದು ಅಲೆದು ಈ ಕೋಣೆಗೆ ಬಂದು ಒಂಬತ್ತು ವರ್ಷವಾಯಿತು.

ಮೊದಲ ಮಾನಿಟರ್ ಎರಡನೇ ದಿನವೇ ಸೋತಿತು. ಅದರ ಕಪ್ಪು ನಿಜಕ್ಕೂ ಕಪ್ಪು, ನೋಡಲು ಬಲು ಚಂದ. ಸಣ್ಣ ಚೌಕಕ್ಕೆ ಒಂಬೈನೂರ ಎಂಬತ್ತು ನಿಟ್ ಕೊಟ್ಟಿತು. ಚೌಕ ಅರ್ಧ ಪರದೆಯಷ್ಟು ಬೆಳೆದಾಗ ಮುನ್ನೂರ ಹತ್ತು. ಹಳೆಯದರ ರೋಗವೇ ಹೊಸ ಅಂಗಿ ತೊಟ್ಟು ಬಂದಿತ್ತು. ಮೂರನೆಯದು ಮಂಕುಬಡಿದ ಹಾಗಿದೆ. ಡಬ್ಬದ ಮೇಲೂ ಆರುನೂರು, ಸಣ್ಣ ಚೌಕಕ್ಕೂ ಆರುನೂರು, ಅರ್ಧ ಪರದೆಗೂ ಐನೂರ ತೊಂಬತ್ತೆಂಟು. ಆದರೆ ಕತ್ತಲಲ್ಲಿ ಒಂದೇ ದೀಪವಿದ್ದರೆ ಅದರ ಸುತ್ತ ಮಂಜು ಕವಿದಂತೆ ತೆಳು ಬೆಳಕು ಕಾಣುತ್ತದೆ. ಹಿಂಬದಿಯ ದೀಪಗಳು ಗುಂಪು ಗುಂಪಾಗಿ ಹೊತ್ತುವುದರಿಂದ ಹೀಗೆ.

ಎಲ್ಲರ ಕಣ್ಣೂ ಎರಡನೆಯದರ ಮೇಲೆ. ಪರೀಕ್ಷೆಗೆಂದು ಎಲ್ಲೆಡೆ ಬಳಸುವುದು ಪರದೆಯ ಹತ್ತನೇ ಒಂದು ಭಾಗದ ಚೌಕ. ಅದರಲ್ಲಿ ಇದು ಸಾವಿರದ ನಾಲ್ಕು ನಿಟ್ ಕೊಟ್ಟಿದೆ. ಹತ್ತು ನಿಮಿಷದ ನಂತರ ಸಾವಿರದ ಮೂರು. ಅರ್ಧ ಗಂಟೆಯ ನಂತರ ಮತ್ತೆ ಸಾವಿರದ ನಾಲ್ಕು. ಸಣ್ಣ, ದೊಡ್ಡ ಚೌಕಗಳ ಸರದಿ ಇದಕ್ಕೆ ಇನ್ನೂ ಬಂದಿಲ್ಲ. ಯಜಮಾನ ಆಗಲೇ ಬಿಲ್ ಮಾಡಿಸಲು ಹೊರಟಿದ್ದಾರೆ. ಅಕ್ಕ ಮಾತ್ರ ಕೈಕಟ್ಟಿ ಕೂತಿದ್ದಾರೆ. "ಸ್ವಲ್ಪನೂ ಸುಸ್ತಾಗ್ದೆ ಇರೋದು ಹೇಗೆ? ಇಷ್ಟು ಸಾಚಾ ಆಗಿದ್ರೆ ಯಾಕೋ ಭಯ ಆಗತ್ತೆ."

ಬುಧವಾರ ಮಧ್ಯಾಹ್ನ ಅಕ್ಕನ ಅತ್ತೆ ಊಟದ ಡಬ್ಬಿ ತರುತ್ತಾರೆ. ಎಪ್ಪತ್ತೊಂದರ ಅತ್ತೆಗೆ ಇದು ನಡಿಗೆಯ ನೆಪ. ದಾರದ ಅಂಗಡಿಯ ಕೌಂಟರಿನಲ್ಲಿ ಮೂವತ್ತೊಂದು ವರ್ಷ ನಿಂತವರು. ಗಿರಾಕಿ ಬಟ್ಟೆಯ ತುಂಡು ತಂದರೆ ಅದಕ್ಕೆ ಹೊಂದುವ ದಾರವನ್ನು ಒಳಗಿನ ದೀಪದಲ್ಲಿ ಆರಿಸುತ್ತಿರಲಿಲ್ಲ. ಮೆಟ್ಟಿಲಿಳಿದು ಬೀದಿಯ ಬಿಸಿಲಿಗೆ ಹಿಡಿಯುತ್ತಿದ್ದರು. ಸೊಸೆಯ ಅನುಮಾನ ಅವರಿಗೆ ಹೊಸದಲ್ಲ.

"ನನ್ನ ಮಗನ್ನ ಒಪ್ಕೊಳ್ಳೋಕೂ ಮೂರು ಸಲ ಬಂದು ನೋಡಿದ್ಲು ಇವಳು" ಎಂದು ಸ್ಟುಡಿಯೊದ ಯಜಮಾನರಿಗೆ ಹೇಳಿ ಕೂರುತ್ತಾರೆ.

"ನಾಲ್ಕನೇ ಸಲ ನೋಡ್ಬೇಕಿತ್ತು ಅತ್ತೆ" ಎನ್ನುತ್ತಾರೆ ಸೊಸೆ, ಡಬ್ಬಿ ಬಿಚ್ಚುತ್ತಾ.

ಎರಡನೇ ಮಾನಿಟರ್‌ನ ಗುಣಗಾನ ಅತ್ತೆಯ ಕಿವಿಗೂ ಬೀಳುತ್ತದೆ. ಅವರು ಬಿಳಿ ಚೌಕವನ್ನೇ ಸ್ವಲ್ಪ ಹೊತ್ತು ನೋಡುತ್ತಾರೆ.

"ದಿನಾ ಇದೇ ಚೌಕ ತೋರಿಸ್ತೀಯಾ ಇದಕ್ಕೆ?"

"ಎಲ್ಲರೂ ಇದೇ ತೋರಿಸೋದು ಅತ್ತೆ. ಎಲ್ಲಾ ಕಡೆ ಇದೇ ಅಳತೆ."

"ಹಾಗಾದ್ರೆ ಅದಕ್ಕೂ ಗೊತ್ತಿರತ್ತಲ್ಲ. ನಮ್ಮಂಗಡಿಗೆ ತಿಂಗಳ ಮೊದಲ ಸೋಮವಾರ ಕಂಪನಿಯವರು ಬಂದು ನೋಡೋರು. ಅವತ್ತು ಬಲ್ಬು ಹೊಸದು, ನೆಲ ಪಳಪಳ, ಓನರ್ ಬಾಯಲ್ಲಿ ಸಕ್ಕರೆ. ಮಂಗಳವಾರ ಬಂದಿದ್ರೆ ಗೊತ್ತಾಗ್ತಿತ್ತು."

ಅಕ್ಕನ ಕೈಯಲ್ಲಿದ್ದ ತುತ್ತು ಡಬ್ಬಿಗೆ ಮರಳುತ್ತದೆ. ಕೈ ತೊಳೆದು ಬಂದು, ಹತ್ತನೇ ಒಂದು ಭಾಗದ ಚೌಕವನ್ನು ಒಂದು ಕೂದಲೆಳೆ ದೊಡ್ಡದು ಮಾಡಿ, ನಡುವಿನಿಂದ ತುಸು ಎಡಕ್ಕೆ ಸರಿಸುತ್ತಾರೆ. ಪ್ರೋಬ್ ಅನ್ನೂ ಸರಿಸುತ್ತಾರೆ. ಆರುನೂರ ನಲವತ್ತು. ಚೌಕವನ್ನು ಹಳೆಯ ಅಳತೆಗೆ ತಂದು ನಡುವೆ ಇಡುತ್ತಾರೆ. ಸಾವಿರದ ನಾಲ್ಕು. ಈ ಸಲ ಚೌಕವನ್ನು ಕಿರಿದು ಮಾಡುತ್ತಾರೆ. ಕಿರಿದಾದರೆ ಹೊಳಪು ಏರಬೇಕು, ಇಲ್ಲವೇ ಅಷ್ಟೇ ಇರಬೇಕು. ಆರುನೂರ ನಲವತ್ತು. ಅರ್ಧ ಪರದೆಗೆ ನಾನೂರ ಚಿಲ್ಲರೆ. ಎರವಲು ಪ್ರೋಬ್‌ನಲ್ಲೂ ಅದೇ. ಆರಿಸಿ ಮತ್ತೆ ಹೊತ್ತಿಸಿದರೂ ಅದೇ. ಪರೀಕ್ಷೆಯ ಚೌಕವನ್ನು ಮಾನಿಟರ್ ಗುರುತು ಹಿಡಿಯುತ್ತಿದೆ, ಆಗಷ್ಟೇ ಮೈ ಕೊಡವಿ ನಿಲ್ಲುತ್ತಿದೆ. ಇದು ಬೇಕೆಂದೇ ಮಾಡಿದ ಏರ್ಪಾಡೇ ಎಂದು ಅಕ್ಕನನ್ನು ಕೇಳಿದರೆ, "ಮಾಡಿದೋರ ಮನಸ್ಸು ಅಳೆಯೋ ಪ್ರೋಬ್ ನನ್ನ ಹತ್ರ ಇಲ್ಲ" ಎನ್ನುತ್ತಾರೆ. ಅಂಗಡಿಯವರು ತಯಾರಕರಿಗೆ ಬರೆದ ಪತ್ರಕ್ಕೆ, ಗ್ರಾಹಕರ ಉತ್ತಮ ಅನುಭವಕ್ಕಾಗಿ ಹೊಳಪು ತಾನಾಗಿ ಹೊಂದಿಕೊಳ್ಳುತ್ತದೆ ಎಂಬ ಒಂದು ಸಾಲಿನ ಉತ್ತರ ಬಂದಿದೆ.

ಶನಿವಾರ ಬೆಳಿಗ್ಗೆ ಯಜಮಾನರಿಗೆ ಇನ್ನೂ ಎರಡನೆಯದರ ಮೇಲೆ ಆಸೆ. "ಅಕ್ಕಾ, ಚಿತ್ರ ಕೊಳ್ಳೋ ಕಂಪನಿಯವರು ಬಂದು ನೋಡಿದ್ರೆ ಆರುನೂರರ ಮಾನಿಟರ್ ಅಂತ ಹೇಳೋಕಾಗತ್ತಾ? ಇದರ ಮೇಲೆ ಸಾವಿರ ಅಂತಾದ್ರೂ ಬರೆದಿದೆ."

"ಡಬ್ಬ ಇಟ್ಕೊಳ್ಳಿ ಸರ್, ಅವರಿಗೆ ತೋರಿಸೋಕೆ."

"ಮೂರನೇದರಲ್ಲಿ ಮಂಜು ಬೇರೆ ಕಾಣ್ತಿದೆ."

"ಕಾಣ್ತಿದೆ. ಕಾಣ್ತಿದೆ ಅಂತ ನನಗೆ ಗೊತ್ತು. ಮೂರನೇದು ಇವತ್ತೂ ಆರುನೂರು, ನಾಳೆನೂ ಆರುನೂರು. ಎರಡನೇದು ಯಾವಾಗ ಸಾವಿರ ಆಗತ್ತೆ, ಯಾವಾಗ ನಾನೂರು ಆಗತ್ತೆ ಅಂತ ನನಗೆ ಗೊತ್ತಿಲ್ಲ. ಅದಕ್ಕೆ ಮಾತ್ರ ಗೊತ್ತು."

ಮೂರನೆಯದೇ ಉಳಿಯುತ್ತದೆ. ಆ ಮಾನಿಟರ್ ತೋರಿಸಲಾಗದ್ದನ್ನು ತಾನು ಕಳಿಸುವುದಿಲ್ಲ ಎಂಬ ಕಟ್ಟುಪಾಡು ಹಾಕಿಕೊಂಡು ಅಕ್ಕ ಇಡೀ ಕಂತನ್ನು ಮತ್ತೆ ಮೊದಲಿನಿಂದ ಕೈಗೆತ್ತಿಕೊಳ್ಳುತ್ತಾರೆ. ಕುಲುಮೆಯ ಬಾಯಿ ಎಷ್ಟೇ ಅಗಲ ತೆರೆಯಲಿ, ಐನೂರ ಐವತ್ತು ನಿಟ್ ದಾಟುವಂತಿಲ್ಲ. ಪಟ್ಟಿಯಲ್ಲಿದ್ದ ಮೂವತ್ತೇಳು ದೃಶ್ಯಗಳಿಗೇ ಎರಡು ದಿನ ಹೋಗುತ್ತದೆ. ಕತ್ತಲಲ್ಲಿ ಒಂಟಿ ಕಿಡಿ ಹಾರುವ ಕಡೆ ಮಂಜು ಕಂಡರೆ, ಅದು ಪರದೆಯದೋ ಚಿತ್ರದ್ದೋ ಎಂದು ಗ್ರಾಫ್ ನೋಡಿ ತೀರ್ಮಾನಿಸುತ್ತಾರೆ. ಮುಗಿದ ಕಂತನ್ನು ಮನೆಯ ಟಿ.ವಿ.ಯಲ್ಲಿ ಅತ್ತೆಗೆ ತೋರಿಸುತ್ತಾರೆ. ಅತ್ತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೊನೆಯವರೆಗೂ ನೋಡಿ, "ಬೆಂಕಿ ಬಿಸಿ ಇದೆ, ಕಣ್ಣಿಗೆ ನೋವಿಲ್ಲ" ಎಂದಷ್ಟೇ ಹೇಳುತ್ತಾರೆ.

ಕಳಿಸಿದ ಹದಿನಾಲ್ಕನೇ ದಿನ ಕಂಪನಿಯಿಂದ ಉತ್ತರ ಬರುತ್ತದೆ: ಆಕ್ಷೇಪಣೆ ಇಲ್ಲ. ಉಳಿದ ಏಳು ಕಂತು ಕಳಿಸಬಹುದು. ಯಜಮಾನ ಕೆಳಗಿನ ಇಸ್ತ್ರಿ ಅಂಗಡಿಯವರಿಗೂ ಸುದ್ದಿ ಮುಟ್ಟಿಸುತ್ತಾರೆ. ಅಕ್ಕ ಆ ಉತ್ತರವನ್ನು ಎರಡು ಸಲ ಓದಿ, ಕಡತದ ಹೆಸರು ತಮ್ಮದೇ ಹೌದೇ, ಹಳೆಯದನ್ನೇ ನೋಡಿಬಿಟ್ಟರೇ ಎಂದು ಪರಿಶೀಲಿಸಿ, ತಪಾಸಣೆಗಾರನಿಗೆ ಫೋನ್ ಮಾಡುತ್ತಾರೆ.

"ಸರ್, ನೋಡೋ ಮುಂಚೆ ಮಾನಿಟರ್‌ನ ಅರ್ಧ ಗಂಟೆ ಬಿಸಿಯಾಗೋಕೆ ಬಿಟ್ಟಿದ್ರಾ?"

ಆ ಕಡೆಯಿಂದ ನಗು ಕೇಳಿಸುತ್ತದೆ. ಬಿಟ್ಟಿದ್ದರಂತೆ.

ಎರಡನೇ ಕಂತಿನ ಕೆಲಸ ಆಗಲೇ ಶುರುವಾಗಿದೆ. ಪರದೆಯಲ್ಲಿ ಕೆಲಸಗಾರನೊಬ್ಬ ಕುಲುಮೆಯಿಂದ ಕಾದ ಗಾಜಿನ ಉಂಡೆ ಎತ್ತುತ್ತಿದ್ದಾನೆ. ಅವನ ಕಣ್ಣುಗಳು ಕಿರಿದಾಗಿವೆ, ಹುಬ್ಬಿನ ಬೆವರಿನ ಹನಿಯೂ ಕಾಣುತ್ತದೆ. "ಆ ಬೆಂಕಿ ಮುಂದೆ ಅವನು ಕಣ್ಣು ಕಿರಿದು ಮಾಡಲೇಬೇಕು, ಅದು ಅವನ ಕೆಲಸ. ಮನೇಲಿ ಕೂತು ನೋಡೋರು ಮಾಡೋ ಹಾಗಾಗಬಾರದು, ಇದು ನನ್ನ ಕೆಲಸ" ಎನ್ನುತ್ತಾರೆ ಅಕ್ಕ.

ಅವರಿಗೊಂದು ಆಸೆಯಿದೆ. ಕಾರಿನ ಬೆಲೆಯ ಮಾನಿಟರ್ ಅಲ್ಲ. ಒಂದು ದಿನ ರಜೆ ಹಾಕಿ, ಬಸ್ಸು ಹತ್ತಿ, ಆ ಗಾಜಿನ ಕಾರ್ಖಾನೆಗೆ ಹೋಗಿ ಕುಲುಮೆಯ ಮುಂದೆ ನಿಂತು ನೋಡಬೇಕು, ತಾವು ಕೊಟ್ಟ ಕಿತ್ತಳೆ ಬಣ್ಣ ನಿಜಕ್ಕೂ ಅದೇ ಹೌದೇ ಎಂದು. ಅಲ್ಲೇ ನಿಂತು ಚಿತ್ರೀಕರಿಸಿದ ಕ್ಯಾಮೆರಾದವರು ಬಣ್ಣ ಸರಿಯಾಗಿದೆ ಎಂದಿದ್ದಾರಲ್ಲ ಎಂದರೆ, ಗೋಡೆಯ ಕಡೆ ತಿರುಗಿ ಕೂರುತ್ತಾರೆ.

"ಅವರು ನೋಡಿದ್ದೂ ಕ್ಯಾಮೆರಾದ ಪರದೆಲೇ ಅಲ್ವಾ?"