ಮ್ಯೂಸಿಯಂನಲ್ಲಿ ದೊಡ್ಡಪ್ಪ ನೇಯ್ದ ಚಕ್ರ

ಸೇಲಂನಲ್ಲಿ ಕಂಪ್ಯೂಟರ್ ನೋಡಬೇಕೆಂದರೆ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಕಾಲೊರೆಸಿಕೊಂಡು ಒಳಗೆ ಹೋಗಬೇಕಿದ್ದ ಕಾಲ ಅದು. ತೊಂಬತ್ತರ ದಶಕದ ನಡುವಿನ ವರ್ಷಗಳು. ಊರ ಹೊರಗೆ, ಏರ್ಕಾಡು ಬೆಟ್ಟ ಚೆನ್ನಾಗಿ ಕಾಣುವ ಕಡೆ, ಒಂದು ಸಣ್ಣ ಮ್ಯೂಸಿಯಂ ಇತ್ತು. ಹಳೆಯ ಉಗಿ ಎಂಜಿನ್ನು, ಅಚ್ಚಿನ ಯಂತ್ರ, ಟೆಲಿಫೋನುಗಳು, ಕೊನೆಯ ಕೋಣೆಯಲ್ಲಿ ಬಟ್ಟೆ ಹೊದಿಸಿಟ್ಟ ಒಂದು ಕಂಪ್ಯೂಟರ್. ಜನ ಅದನ್ನು ‘ಮಿಷಿನ್ ಮ್ಯೂಸಿಯಂ’ ಎನ್ನುತ್ತಿದ್ದರು. ನನ್ನಪ್ಪ ಅಲ್ಲಿ ಕಾರ್ಯಕ್ರಮಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಶಾಲೆ ಮಕ್ಕಳನ್ನು ಕರೆಸುವುದು, ರಸಪ್ರಶ್ನೆ ನಡೆಸುವುದು, ಗ್ರಹಣ ಬಂದರೆ ಅಂಗಳದಲ್ಲಿ ಜನ ಸೇರಿಸಿ ತೋರಿಸುವುದು, ಇವೆಲ್ಲ ಅವನ ಕೆಲಸ. ಕುರ್ಚಿ ಹಾಕಿಸುವುದರಿಂದ ಹಿಡಿದು ಮೈಕಿನ ತಂತಿ ಎಳೆಯುವವರೆಗೂ ಅವನೇ.

ನಮ್ಮದು ಎಂದೋ ಸೇಲಂಗೆ ಬಂದು ನೆಲೆಸಿದ ಕನ್ನಡ ನೇಕಾರರ ಮನೆತನ. ಅಪ್ಪ ಓದಿ ಕೆಲಸಕ್ಕೆ ಸೇರಿದ. ಅವನ ಅಣ್ಣ, ನನ್ನ ದೊಡ್ಡಪ್ಪ, ಅದೇ ಊರಿನ ಗುಗೈ ಎಂಬ ಕೇರಿಯ ಹಳೆಯ ಮನೆಯಲ್ಲಿ ಮಗ್ಗ ಬಿಡದೆ ಉಳಿದ. ಪ್ರತಿ ಭಾನುವಾರ ಬೆಳಿಗ್ಗೆ ದೊಡ್ಡಪ್ಪ ನಮ್ಮ ಮನೆಗೆ ಬರುತ್ತಿದ್ದ. ಅವನ ಅಂಗಿಯಿಂದ ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ ಬರುತ್ತಿತ್ತು. ಕೈಯಲ್ಲಿ ಕಾಗದದ ಪೊಟ್ಟಣ; ಅದರೊಳಗೆ ತಟ್ಟುವಡೆ ಸೆಟ್. ಎರಡು ಗರಿಗರಿ ತಟ್ಟೆವಡೆಗಳ ನಡುವೆ ತುರಿದ ಬೀಟ್‌ರೂಟು, ಖಾರದ ಚಟ್ನಿ. ಕಚ್ಚಿದರೆ ಅರ್ಧ ಬಾಯಲ್ಲಿ, ಅರ್ಧ ಲಂಗದ ಮೇಲೆ. ಅಣ್ಣತಮ್ಮ ಇಬ್ಬರೂ ವರಾಂಡದಲ್ಲಿ ಕೂತು ಊಟದ ಹೊತ್ತಿನ ತನಕ ಕನ್ನಡದಲ್ಲಿ ಮಾತಾಡುತ್ತಿದ್ದರು. ಉಳಿದ ದಿನ ನಮ್ಮ ಮನೆಯಲ್ಲಿ ತಮಿಳೇ ಹೆಚ್ಚು. ಅಮ್ಮನಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಆದರೆ ಬರುತ್ತದೆಂದು ಶಾಲೆಯಲ್ಲಿ ಯಾರಿಗೂ ಗೊತ್ತಾಗಬಾರದೆಂದಿದ್ದೆ.

ನನಗೆ ಹನ್ನೆರಡಾಗಿದ್ದ ವರ್ಷ, ಬೇಸಿಗೆ ರಜೆಗೆಂದು ಅಪ್ಪ ಒಂದು ಕಾರ್ಯಕ್ರಮ ಯೋಚಿಸಿದ. ಬಟ್ಟೆಯಲ್ಲಿ ಚಿತ್ರ ಮೂಡಿಸಲು ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ಪೆಟ್ಟಿಗೆಯಲ್ಲಿ ತೂತು ಕೊರೆದ ರಟ್ಟುಗಳಿರುತ್ತವಲ್ಲ, ಅವುಗಳಿಗೆ ನಮ್ಮವರು ‘ಅಟ್ಟೆ’ ಎನ್ನುತ್ತಾರೆ. ಒಂದು ಅಟ್ಟೆಗೆ ಬಟ್ಟೆಯ ಒಂದು ಗೆರೆ. ತೂತು ಇದ್ದಲ್ಲಿ ದಾರ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಕಂಪ್ಯೂಟರಿಗೂ ಮೊದಲು ಇಂಥ ತೂತಿನ ರಟ್ಟುಗಳಲ್ಲೇ ಕೆಲಸ ಹೇಳುತ್ತಿದ್ದರು ಎಂಬುದನ್ನು ಜನರಿಗೆ ಕಣ್ಣಾರೆ ತೋರಿಸಬೇಕೆಂಬುದು ಅಪ್ಪನ ಆಸೆ. ಒಂದು ಪಕ್ಕ ಕಂಪ್ಯೂಟರ್, ಇನ್ನೊಂದು ಪಕ್ಕ ದೊಡ್ಡಪ್ಪನ ಮಗ್ಗ. ಉದ್ಘಾಟನೆಯ ದಿನ ಎಲ್ಲರ ಎದುರಿಗೆ ಮ್ಯೂಸಿಯಂನ ಗುರುತಾದ ಹಲ್ಲಿನ ಚಕ್ರವನ್ನು ಬಿಳಿ ಬಟ್ಟೆಯ ಮೇಲೆ ಕೆಂಪು ನೂಲಿನಲ್ಲಿ ನೇಯ್ದು, ಕತ್ತರಿಸಿ, ಮುಖ್ಯ ಅತಿಥಿಗೆ ಕಾಣಿಕೆಯಾಗಿ ಕೊಡುವುದು.

“ನಾನೇನು ಕೋತಿಯಾ ಲೇ ನಾಗು? ಜನ ಸುತ್ತ ನಿಂತ್ಕಂಡು ನೋಡಾಕೆ?” ಎಂದ ದೊಡ್ಡಪ್ಪ.

“ಕೋತಿ ಅಲ್ಲ ಅಣ್ಣ, ವಾತ್ಯಾರು. ನಿನ್ ಕೈಕೆಲಸ ನೋಡಿ ಕಲೆಕ್ಟರು ಎದ್ದು ನಿಲ್ಬೇಕು,” ಎಂದ ಅಪ್ಪ.

ವಾತ್ಯಾರು, ಅಂದರೆ ಮೇಷ್ಟ್ರು ಎಂಬ ಮಾತು ಕೇಳಿ ದೊಡ್ಡಪ್ಪ ಬಾಯಿ ಮುಚ್ಚಿಕೊಂಡು ನಕ್ಕದ್ದು ನನಗೆ ನೆನಪಿದೆ. ಆಮೇಲೆ ಒಂದು ತಿಂಗಳು ಕೂತು ಚಕ್ರದ ನಕ್ಷೆ ಬರೆದ, ನೂರು ಅಟ್ಟೆ ಕೊರೆದ. ಪ್ರತಿಯೊಂದರ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಕನ್ನಡದ ಅಂಕಿ. ತಾತ ಅವನಿಗೆ ಹಾಗೇ ಕಲಿಸಿದ್ದು. ನನಗೂ ಅವನು ಸ್ಲೇಟಿನ ಮೇಲೆ ಬರೆದು ಕಲಿಸಲು ನೋಡಿದ್ದ. “ಇದು ಯಾವ ಪರೀಕ್ಷೆಗೆ ಬರ್ತೈತೆ ದೊಡ್ಡಪ್ಪ?” ಎಂದು ನಾನು ಅರ್ಧಕ್ಕೇ ಎದ್ದು ಹೋಗಿದ್ದೆ.

ಗುಗೈನಲ್ಲಿ ಒಮ್ಮೆ ನೇಯ್ದು ನೋಡಿದಾಗ ಚಕ್ರ ಅಚ್ಚುಕಟ್ಟಾಗಿ ಬಂದಿತ್ತು. ಮಗ್ಗವನ್ನು ಬಿಚ್ಚಿ ಟೆಂಪೋದಲ್ಲಿ ಮ್ಯೂಸಿಯಂಗೆ ತಂದರು. ಕುಲುಕಾಟಕ್ಕೆ ಅಟ್ಟೆಗಳನ್ನು ಸರಪಳಿಯಂತೆ ಹೊಲಿದಿದ್ದ ದಾರ ಅಲ್ಲಲ್ಲಿ ಕಿತ್ತುಹೋಗಿತ್ತು. ಉದ್ಘಾಟನೆಯ ಹಿಂದಿನ ದಿನ ದೊಡ್ಡಪ್ಪ ಹಳೆಯ ದಾರವನ್ನೆಲ್ಲ ತೆಗೆದು, ಅಟ್ಟೆಗಳನ್ನು ಒಂದರ ಮೇಲೊಂದು ಕ್ರಮವಾಗಿ ಜೋಡಿಸಿ ಬೆಂಚಿನ ಮೇಲಿಟ್ಟ. ಊಟ ಮುಗಿಸಿ ಬಂದು ಹೊಸ ದಾರದಲ್ಲಿ ಹೊಲಿಯುವುದೆಂದು ಅಪ್ಪನೊಂದಿಗೆ ಹೊರಗೆ ಬೇವಿನ ಮರದ ಕೆಳಗೆ ಹೋದ.

ನಾನು ಅಲ್ಲೇ ಇದ್ದೆ. ಬಂದವರಿಗೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ವಿವರಿಸುವ ಕೆಲಸವನ್ನು ಅಪ್ಪ ನನಗೆ ಕೊಟ್ಟಿದ್ದ. ಎದೆಯ ಮೇಲೆ ‘ಗೈಡ್’ ಎಂದು ಬರೆದ ಬ್ಯಾಡ್ಜು. ಅದನ್ನು ತೋರಿಸಲೆಂದೇ ನನ್ನ ತರಗತಿಯ ರೇವತಿಯನ್ನು ಕರೆದಿದ್ದೆ. ಅವಳ ಅಪ್ಪ ಬ್ಯಾಂಕಿನಲ್ಲಿದ್ದರು. ಅವಳೊಡನೆ ಕಾಣಿಸಿಕೊಳ್ಳುವುದೇ ನನಗೊಂದು ಹೆಮ್ಮೆ. ಯಾವುದನ್ನೂ ಮುಟ್ಟಬಾರದೆಂದು ಊರಿಗೆಲ್ಲ ಹೇಳಬೇಕಾದವಳು ನಾನೇ ಅಟ್ಟೆಗಳ ಕಟ್ಟನ್ನು ಎತ್ತಿ, ಇಸ್ಪೀಟಿನ ಎಲೆಗಳಂತೆ ಬೀಸಿ ತೋರಿಸಲು ಹೋದೆ. ಕಟ್ಟು ಕೈಜಾರಿತು. ನೂರು ಅಟ್ಟೆಗಳೂ ನೆಲದ ತುಂಬ ಹರಡಿದವು.

ಇಬ್ಬರೂ ಮೊಣಕಾಲೂರಿ ಹೆಕ್ಕತೊಡಗಿದೆವು. ರೇವತಿ ಒಂದನ್ನು ಬೆಳಕಿಗೆ ಹಿಡಿದು, “ಇದೇನು ಎಳುತ್ತು?” ಎಂದಳು. ಯಾವ ಅಕ್ಷರ ಎಂದು ಕೇಳಿದ್ದು.

“ಏನೋ, ತೆಲುಗು ಇರಬೇಕು,” ಎಂದೆ ತಮಿಳಿನಲ್ಲಿ.

ಐದರವರೆಗೆ ನನಗೆ ಗೊತ್ತಿತ್ತು. ಏಳು, ಎಂಟು ಹೇಗೋ ಗುರುತು ಸಿಕ್ಕವು. ಆರು ಯಾವುದು, ಒಂಬತ್ತು ಯಾವುದು ಎಂಬುದೇ ತಿಳಿಯಲಿಲ್ಲ. ಎರಡಕ್ಕೂ ಅದೇ ಸುರುಳಿ, ಅದೇ ಬಾಲ. ಇಪ್ಪತ್ತು ಹೆಜ್ಜೆ ದೂರದಲ್ಲಿ ದೊಡ್ಡಪ್ಪ ಮೊಸರನ್ನ ಉಣ್ಣುತ್ತಿದ್ದ. ಹೋಗಿ ಕೇಳಿದ್ದರೆ ಬೈಯುತ್ತಲೂ ಇರಲಿಲ್ಲ. ಆದರೆ ಅವನು ಎಲ್ಲರಿಗೂ ಕೇಳುವಂತೆ “ಏನ್ಲೇ ಜಯಾ, ಇಷ್ಟೂ ಬರಾಕಿಲ್ವಾ?” ಎಂದು ಕೂಗುತ್ತಾನೆ, ರೇವತಿಗೆ ನಾವು ಮಗ್ಗದ ಮನೆಯ ಕನ್ನಡದವರೆಂದು ಗೊತ್ತಾಗುತ್ತದೆ. ಬೇಡವೆನಿಸಿತು. ಒಂದನ್ನು ಆರು ಎಂದುಕೊಂಡೆ, ಇನ್ನೊಂದನ್ನು ಒಂಬತ್ತು. ಅದರಂತೆ ನೂರನ್ನೂ ಜೋಡಿಸಿ, ಅಂಚು ತಟ್ಟಿ, ಇದ್ದ ಜಾಗದಲ್ಲೇ ಇಟ್ಟೆ.

ದೊಡ್ಡಪ್ಪ ಬಂದು, ತಾನೇ ಜೋಡಿಸಿದ್ದೆಂಬ ನಂಬಿಕೆಯಲ್ಲಿ, ಅಂಕಿ ನೋಡದೆ ಸರಸರ ಹೊಲಿದ. ಮುಗಿಯುವಾಗ ಐದು ಗಂಟೆ. ವಾಚ್‌ಮನ್ ಬೀಗ ಹಿಡಿದು ನಿಂತಿದ್ದ.

“ಒಂದು ದಪಾ ಓಡಿಸಿ ನೋಡಾನ ಕಣ್ಲಾ,” ಎಂದ ದೊಡ್ಡಪ್ಪ.

“ಗುಗೈನಾಗೆ ನೋಡಿದ್ದೀವಲ್ಲಣ್ಣ. ಸಾಕು ಬಾ,” ಎಂದ ಅಪ್ಪ.

ಓಡಿಸಿ ನೋಡೋಣ ಎಂದು ನಾನೂ ಅನ್ನಬಹುದಿತ್ತು. ಎಲ್ಲರಿಗಿಂತ ಮೊದಲು ಹೊರಗೆ ನಡೆದೆ.

ಮರುದಿನ ಸಭಾಂಗಣ ತುಂಬಿತ್ತು. ಕಲೆಕ್ಟರು ಬಂದರು, ಮ್ಯೂಸಿಯಂನ ಡೈರೆಕ್ಟರು ಬಂದರು, ಶಾಲೆಗಳ ಹೆಡ್‌ಮಾಸ್ಟರುಗಳು ಬಂದರು. ದೊಡ್ಡಪ್ಪ ಮದುವೆಗೆ ಹೋಗುವವನಂತೆ ಅಂಚಿನ ಪಂಚೆ ಉಟ್ಟು ಮಗ್ಗದಲ್ಲಿ ಕೂತಿದ್ದ. ನಾನು ಮೈಕು ಹಿಡಿದು ಕಲಿತದ್ದನ್ನೆಲ್ಲ ಒಪ್ಪಿಸಿದೆ. ಚಪ್ಪಾಳೆ ಬಿತ್ತು. ದೊಡ್ಡಪ್ಪ ಮಗ್ಗದ ಕಾಲುಮಣೆ ತುಳಿದ. ಮೇಲೆ ಅಟ್ಟೆ ಮಗುಚಿತು, ಲಾಳಿ ಓಡಿತು.

ಮೊದಲ ಕೆಲವು ಗೆರೆ ಸರಿಯಾಗಿ ಬಂದವು. ನಂತರ ಚಕ್ರದ ಹಲ್ಲಿನಲ್ಲಿ ಒಂದು ಸೊಟ್ಟ. ಹತ್ತು ಗೆರೆಗೆ ಎರಡು ಸಲ ಅದೇ ಸೊಟ್ಟ. ದೊಡ್ಡಪ್ಪನ ಕೈ ಒಂದು ಕ್ಷಣ ನಿಂತಿತು. ತಲೆಯೆತ್ತಿ ಅಟ್ಟೆಗಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಕೋಪವಿರಲಿಲ್ಲ; ಏನೋ ಲೆಕ್ಕ ತಾಳೆ ಹಾಕಿದಂತಿತ್ತು. ನಾನು ಕಣ್ಣು ಕೆಳಗೆ ಹಾಕಿದೆ. ಅಷ್ಟು ಜನರೆದುರು ನಿಲ್ಲಿಸಲಾಗದೆ ಅವನು ನೇಯುತ್ತಲೇ ಹೋದ. ಅರವತ್ತನೆಯ ಗೆರೆ ಬಂದ ಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಅಗಲವಾಗಿದ್ದ ಚಕ್ರ ಇದ್ದಕ್ಕಿದ್ದಂತೆ ಕಿರಿದಾಗಿ ತುದಿ ಮುಟ್ಟಿತು, ಮತ್ತೆ ಅಗಲವಾಯಿತು, ಕೊನೆಯಲ್ಲಿ ಕತ್ತರಿಸಿದಂತೆ ನಿಂತಿತು.

ಕಲೆಕ್ಟರು ನಕ್ಕು, ಕಂಪ್ಯೂಟರಿನ ತಾತನಿಗೂ ವೈರಸ್ ಬಂದಿದೆಯೇ ಎಂದರು. ಸಭೆಗೆ ಸಭೆಯೇ ನಕ್ಕಿತು. ರೇವತಿಯೂ ನಕ್ಕಳು. ನಾನೂ ನಕ್ಕೆ.

ಅಪ್ಪನ ಮುಖ ಕೆಂಪಾಗಿತ್ತು. ಮಗ್ಗದ ಹತ್ತಿರ ಬಂದು ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ, “ಒಂದು ಕೆಲಸ ಸರಿಯಾಗಿ ಮಾಡೋಕೆ ಬರಲ್ವಾ ನಿಮಗೆ?” ಎಂದ. ಅಣ್ಣನೊಡನೆ ಅವನು ತಮಿಳಿನಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಣ್ಣ ಎಂದು ಕೂಡ ಅನ್ನಲಿಲ್ಲ.

“ವಯಸ್ಸಾಯ್ತಲ್ಲಾ, ಕಣ್ಣು ಸರಿಯಾಗಿ ಕಾಣಾಕಿಲ್ಲ,” ಎಂದ ದೊಡ್ಡಪ್ಪ. ನೇಯ್ದ ತುಂಡನ್ನು ಕತ್ತರಿಸಿ, ಮಡಿಸಿ, ಪಂಚೆಯ ಮಡಿಲಿಗೆ ಸಿಕ್ಕಿಸಿಕೊಂಡು ಪಕ್ಕದ ಬಾಗಿಲಿನಿಂದ ಹೊರಟುಹೋದ.

ಮಗ್ಗವನ್ನು ಅಂದು ಸಂಜೆಯೇ ಬಿಚ್ಚಿಸಿದರು. ಮುಂದೆ ಅಪ್ಪನಿಗೆ ದೊಡ್ಡ ಕಾರ್ಯಕ್ರಮ ಯಾವುದನ್ನೂ ಡೈರೆಕ್ಟರು ವಹಿಸಲಿಲ್ಲ. ಹುಡುಗಿ ಚೆನ್ನಾಗಿ ಮಾತಾಡಿದಳೆಂದು ನನಗೆ ಮಾತ್ರ ಒಂದು ಪೆನ್ನು ಬಹುಮಾನ ಬಂತು. ಕೈಚಾಚಿ ತೆಗೆದುಕೊಂಡೆ.

ದೊಡ್ಡಪ್ಪ ಭಾನುವಾರ ಬರುವುದನ್ನು ನಿಲ್ಲಿಸಿದ. “ಮರ್ಯಾದೆ ತೆಗೆದೋನು ಅವನು, ಬರಬೇಕಾದೋನೂ ಅವನೇ,” ಎನ್ನುತ್ತಿದ್ದ ಅಪ್ಪ. ಮೊದಮೊದಲು ಭಾನುವಾರ ಬೆಳಿಗ್ಗೆ ನಾನು ವರಾಂಡದಲ್ಲಿ ಕೂತು ಬೀದಿ ನೋಡುತ್ತಿದ್ದೆ. ವರ್ಷಗಳು ಕಳೆದಂತೆ ಅದೂ ನಿಂತಿತು. ನಿಂತದ್ದೇ ಈಗ ಹೆಚ್ಚು ನಾಚಿಕೆ ತರುತ್ತದೆ.

ಕಾಲೇಜಿನ ಕೊನೆಯ ವರ್ಷ ಒಬ್ಬಳೇ ಗುಗೈಗೆ ಹೋದೆ. ದೊಡ್ಡಪ್ಪ ಮಗ್ಗ ಬಿಟ್ಟಿದ್ದ. ಜಗುಲಿಯಲ್ಲಿ ಕೂತು ಬೇರೆಯವರಿಗೆ ನೂಲು ಸುತ್ತಿಕೊಡುತ್ತಿದ್ದ. ಎಲ್ಲವನ್ನೂ ಹೇಳಿದೆ. ಅವನು ರಾಟೆ ನಿಲ್ಲಿಸಲೂ ಇಲ್ಲ.

“ಆರನ್ನ ಒಂಬತ್ತು ಅಂದ್ಕಂಡಿದ್ದೆ. ಅಲ್ವೇನೇ?”

“ಗೊತ್ತಿತ್ತಾ ನಿಂಗೆ?”

“ಅಂಕಿ ಬರ್ದೋನು ನಾನು. ಅರವತ್ತರ ಜಾಗದಾಗೆ ತೊಂಬತ್ತು ಬಂದ್ರೆ ತಿಳಿಯಾಕಿಲ್ವಾ?”

“ಅಪ್ಪಂಗೆ ಯಾಕೆ ಏಳಲಿಲ್ಲ ದೊಡ್ಡಪ್ಪ?”

“ಅಷ್ಟು ಜನದ ಮುಂದೆ ಏಳಿದ್ರೆ ನಿನ್ನ ಒಡೀತಿದ್ದ. ಮೈಕ್ ಇಡ್ಕಂಡು ನಿಂತಿದ್ದೆ ನೀನು, ಪಾಪ.”

“ಆಮೇಲಾದ್ರೂ?”

ಆಗ ರಾಟೆ ನಿಂತಿತು. “ಆಮೇಲೆ ಅವನೇ ಬತ್ತಾನೆ, ಏನಾಯ್ತಣ್ಣ ಅಂತ ಕೇಳ್ತಾನೆ ಅಂದ್ಕಂಡೆ. ಕೇಳ್ಲಿಲ್ಲ.”

ಅಪ್ಪನಿಗೆ ನಾನೇ ಹೇಳುತ್ತೇನೆಂದು ಮಾತು ಕೊಟ್ಟು ಎದ್ದೆ. “ಪರವಾಯಿಲ್ಲ, ಓಗಮ್ಮ,” ಎಂದ. ಮನೆಗೆ ಬಂದಾಗ ಅಪ್ಪ ಪೇಪರ್ ಓದುತ್ತಿದ್ದ. ನಾಳೆ ಹೇಳೋಣ ಎಂದುಕೊಂಡೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಮದುವೆ ಮಾತು ನಡೆಯುತ್ತಿದೆ, ಈಗ ಬೇಡ ಎಂದುಕೊಂಡೆ. ಎರಡು ವರ್ಷ ಹೀಗೇ ಹೋಯಿತು. ಒಂದು ಬೆಳಿಗ್ಗೆ ದೊಡ್ಡಪ್ಪ ತೀರಿಕೊಂಡನೆಂದು ಸುದ್ದಿ ಬಂತು. ಅಪ್ಪ ಗುಗೈನ ಮನೆಯೊಳಗೆ ಹೋಗದೆ ಬೀದಿಯಲ್ಲೇ ನಿಂತಿದ್ದು, ಮಣ್ಣು ಮಾಡಿದ ಮೇಲೆ ಬಂದ.

ಹದಿನಾರನೆಯ ದಿನದ ಕರ್ಮ ಮುಗಿದ ಮರುದಿನ ಅಪ್ಪನಿಗೆ ಹೇಳಿದೆ. ಹೇಳಿ ಪ್ರಯೋಜನವಿಲ್ಲದ ಮೇಲೆ ಹೇಳುವುದರಲ್ಲಿ ಯಾವ ದೊಡ್ಡತನವಿದೆ? ಅಪ್ಪ ನನ್ನನ್ನು ಬೈಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಕನ್ನಡದಲ್ಲಿ ಕೇಳಿದ: “ಅಣ್ಣಂಗೆ ಗೊತ್ತಿತ್ತಾ?”

“ಗೊತ್ತಿತ್ತು. ನೀನೇ ಬಂದು ಕೇಳ್ತೀಯ ಅಂತ ಕಾದಿದ್ನಂತೆ.”

ಆ ಎರಡನೆಯ ಮಾತನ್ನು ನಾನು ಹೇಳಬೇಕಿರಲಿಲ್ಲ. ನನ್ನ ಭಾರ ಇಳಿಸಿಕೊಳ್ಳುವ ಆತುರದಲ್ಲಿ ಅದನ್ನು ವಯಸ್ಸಾದ ಅಪ್ಪನ ಮೇಲೆ ಹೇರಿಬಿಟ್ಟೆ. ಅವನು ಬದುಕಿದ್ದಷ್ಟು ಕಾಲವೂ ಆಗಾಗ, ಯಾವ ಸಂಬಂಧವೂ ಇಲ್ಲದ ಮಾತಿನ ನಡುವೆ, “ನಾನು ಕೇಳ್ನೇ ಇಲ್ಲ,” ಎನ್ನುತ್ತಿದ್ದ.

ಈಗ ಇಬ್ಬರೂ ಇಲ್ಲ. ಗುಗೈನ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ನನ್ನ ಮಕ್ಕಳಿಗೆ ಕನ್ನಡ ಅರ್ಥವಾಗುವುದಿಲ್ಲ. ಆ ಭಾಷೆಯಲ್ಲಿ ನನ್ನನ್ನು ‘ಲೇ’ ಎಂದು ಕರೆಯುವವರು ಭೂಮಿಯ ಮೇಲೆ ಯಾರೂ ಉಳಿದಿಲ್ಲ. ಇವೆಲ್ಲ ಎಲ್ಲರ ಮನೆಯಲ್ಲೂ ಕಾಲ ಕಳೆದಂತೆ ಕಳೆದುಹೋಗುವಂಥವೇ ಇರಬಹುದು. ಆದರೆ ಅಷ್ಟು ವರ್ಷ ಅಣ್ಣತಮ್ಮ ಇಬ್ಬರೂ ಒಂದೇ ಊರಿನಲ್ಲಿ, ಅರ್ಧ ಗಂಟೆಯ ದಾರಿಯಲ್ಲಿ, ಒಬ್ಬರು ಬರಲಿ ಎಂದು ಇನ್ನೊಬ್ಬರು ಕಾಯುತ್ತ ಕೂತಿದ್ದರು. ಅದನ್ನು ಕಾಲ ಮಾಡಲಿಲ್ಲ. ಯಾವ ದಿನ ಬೇಕಾದರೂ ನಾನು ಅಪ್ಪನ ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಗಬಹುದಿತ್ತು. ಯಾವ ಬಸ್ಸು ಹತ್ತಬೇಕೆಂಬುದೂ ನನಗೆ ಗೊತ್ತಿತ್ತು.