ನನ್ನ ಹೆಸರಿನ ಬಂಡಿ ಱ

ನನ್ನ ಹೆಸರು ಮೂರಕ್ಷರದ್ದು. ಮೊದಲನೆಯದಕ್ಕೂ ಕೊನೆಯದಕ್ಕೂ ಯಾರ ತಕರಾರೂ ಇಲ್ಲ. ಜಗಳವೆಲ್ಲ ನಡುವಿನದರದ್ದು. ಅಲ್ಲಿ ಕೂತಿರುವುದು ಱ. ಶಾಲೆಯ ಗೋಡೆಯ ವರ್ಣಮಾಲೆಯಲ್ಲಿ ಅದು ಈಗ ಕಾಣುವುದಿಲ್ಲ. ಎಷ್ಟೋ ಕಾಲದ ಹಿಂದೆಯೇ ಕನ್ನಡದವರು ಅದನ್ನು ಕೈಬಿಟ್ಟು ಸಾದಾ ರ ಒಂದರಲ್ಲೇ ಕೆಲಸ ಸಾಗಿಸಿದರು. ಪೂರ್ತಿ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಮನಸ್ಸಿನಲ್ಲೇ ಒಂದು ರೀತಿ ಓದಿ, ನಮ್ಮನೆಯ ಜಗಳದಲ್ಲಿ ಯಾರದೋ ಒಬ್ಬರ ಪಕ್ಷ ಸೇರಿಬಿಡುತ್ತೀರಿ.

ಅಪ್ಪ ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರಾಗಿದ್ದರು. ಹಳಗನ್ನಡವೆಂದರೆ ಊಟ ಬಿಟ್ಟು ಏಳುವಷ್ಟು ಪ್ರೀತಿ. ನಾನು ಹುಟ್ಟಿದಾಗ ಬೇಕೆಂದೇ ಆ ಅಕ್ಷರ ಬರುವ ಹೆಸರು ಹುಡುಕಿದರಂತೆ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತಿ ವಾಡಿಕೆಯಂತೆ ನನ್ನ ಕಿವಿಯಲ್ಲಿ ಜೋರಾಗಿ ‘ಕುರ್ರ್’ ಅಂದು, ಆಮೇಲೆ ಸಾದಾ ರ ಹಚ್ಚಿ ಹೆಸರು ಹೇಳಿದಳು. ಅಪ್ಪ ಅಲ್ಲೇ ತಡೆದರು.

“ಅಕ್ಕಾ, ಹಂಗಲ್ಲ. ಒತ್ತಿ ಅನ್ನು. ನಾಲಿಗಿ ಮ್ಯಾಲ ಹಚ್ಚಿ ಅನ್ನು.”

“ಲೇ ತಮ್ಮಾ, ಹಿಂದಿನವರು ಇದನ್ನ ಹೆಂಗ ಅಂತಿದ್ರು ನೀ ಹೋಗಿ ಕೇಳಿ ಬಂದೀಯೇನು?”

ಬಂದ ಹೆಂಗಸರು ಗುಗ್ಗರಿ ಕೈಯಲ್ಲಿ ಹಿಡಿದುಕೊಂಡೇ ನಕ್ಕರಂತೆ. ಅತ್ತಿ ಎರಡನೇ ಸಲ ಹೇಳಲಿಲ್ಲ. ಹೀಗಾಗಿ ನನ್ನ ಕಿವಿಗೆ ಮೊದಲು ಬಿದ್ದದ್ದು ಸಾದಾ ರ.

ಅವ್ವ ಅತ್ತಿಯ ಪಕ್ಷ. “ಒಲಿ ಮ್ಯಾಲ ಹಾಲು ಉಕ್ಕಾಕತ್ತಿರತದ, ಮಗಳನ್ನ ಕರಿಯಾಕ ನಾ ನಾಲಿಗಿ ಹೊಳ್ಳಿಸಿಕೋತ ಕುಂದರಲೇನು?” ಅನ್ನುತ್ತಿದ್ದಳು. ಅಪ್ಪನದು ಒಂದೇ ಉತ್ತರ: “ಅದಕ್ಕ ಎಲ್ಲೂ ಜಾಗಾ ಉಳದಿಲ್ಲ. ನಮ್ಮನ್ಯಾಗರೆ ಇರಲಿ.” ಅಡುಗೆಮನೆಯಿಂದ ಸಾದಾ ರ ಕರೆದರೆ ಕೊತ್ತಂಬರಿ ತರಬೇಕು, ಪಡಸಾಲೆಯಿಂದ ಗಡುಸು ಱ ಕರೆದರೆ ಪಾಠ ಒಪ್ಪಿಸಬೇಕು. ಮುಖ ನೋಡದೆಯೂ ಯಾರು, ಯಾತಕ್ಕೆ ಅಂತ ತಿಳಿಯುತ್ತಿತ್ತು.

ಒಂದನೇ ತರಗತಿಯಲ್ಲಿ ಅಕ್ಕೋರು ಹಾಜರಿ ಕರೆಯುತ್ತ ನನ್ನ ಹೆಸರಿಗೆ ಬಂದು ನಿಂತರು. ದುಂಡಗಿದೆಯಲ್ಲ ಅಂತ ಅದನ್ನು ಠ ಎಂದು ಓದಿದರು. ಹುಡುಗಿಯರು ಅದನ್ನೇ ಹಿಡಿದುಕೊಂಡು ಎರಡು ದಿನ ಕುಣಿದರು. ನಾನು ಅಳುತ್ತ ಮನೆಗೆ ಬಂದದ್ದು ನೋಡಿ ಅಪ್ಪ ಮರುದಿನ ನನ್ನ ಶಾಲೆಗೆ ಬಂದು, ಸೀಮೆಸುಣ್ಣ ಕೇಳಿ, ಫಳಿಯ ಮೇಲೆ ದೊಡ್ಡದಾಗಿ ಱ ಬರೆದರು.

“ಇದಕ್ಕ ಬಂಡಿ ರ ಅಂತಾರ್ರಿ. ಗಾಲಿಗತೆ ಕಾಣತದಲ್ರಿ?”

“ಈಗ ಬಂಡಿ ಹೋಗಿ ಟ್ರ್ಯಾಕ್ಟರ್ ಬಂದಾವಲ್ರಿ ಸರ,” ಅಂದರು ಅಕ್ಕೋರು. ಅಪ್ಪ ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಜೋರಾಗಿ ನಕ್ಕುಬಿಟ್ಟರು. ಅಂದಿನಿಂದ ಅಕ್ಕೋರು ನನ್ನನ್ನು ‘ಮಾಸ್ತರ್ ಮಗಳ’ ಎಂದೇ ಕರೆದರು.

ನನ್ನನ್ನು ಮದುವೆ ಮಾಡಿಕೊಟ್ಟದ್ದು ದೇವಿಕೊಪ್ಪದ ಮನೆಗೆ. ನಮ್ಮ ಕಡೆ ಮದುವೆಯಲ್ಲಿ ಗಂಡ ಹೆಂಡತಿಯ ಹೆಸರನ್ನೂ ಹೆಂಡತಿ ಗಂಡನ ಹೆಸರನ್ನೂ ಪ್ರಾಸದ ಸಾಲಿನಲ್ಲಿ ಸೇರಿಸಿ, ಒಡಪು ಕಟ್ಟಿ ಹೇಳಬೇಕು. ಎಲ್ಲರೂ ಸುತ್ತ ನಿಂತರು. ಇವರು ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು, “ಹೆಂಗ ಅನ್ನಲಿ? ನಿಮ್ಮಪ್ಪಾರು ಬಲಕ್ಕ ನಿಂತಾರ, ನಿಮ್ಮವ್ವಾರು ಎಡಕ್ಕ.”

“ನಿಮಗ ತಿಳಿದಂಗ ಅನ್ರಿ,” ಅಂದೆ. ನನಗೂ ಬೇರೆ ದಾರಿ ಇರಲಿಲ್ಲ.

ಒಡಪನ್ನು ಸರಾಗವಾಗಿ ಹೇಳಿದರು. ಹೆಸರಿನ ಮೊದಲಕ್ಷರ ಬಂತು. ಆಮೇಲೆ ದೊಡ್ಡದೊಂದು ಕೆಮ್ಮು ಬಂತು. ಕೊನೆಯಕ್ಷರ ಬಂತು. ಮಂದಿ ಹೋ ಎಂದು ಚಪ್ಪಾಳೆ ಹೊಡೆದರು. ಅಪ್ಪ ಮಾತ್ರ ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ಇವತ್ತಿಗೂ ಇವರು ನನ್ನನ್ನು ‘ಏ, ಕೇಳಿಲ್ಲಿ’ ಎಂದೇ ಕರೆಯುತ್ತಾರೆ.

ನಾನು ಸಂಶಿಯಲ್ಲಿ ಗಣಿತ ಕಲಿಸುತ್ತೇನೆ. ಸಂಬಳದ ಕಾಗದದಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ಇಂಗ್ಲಿಷಿನಲ್ಲಿ ಅಪ್ಪ ಎರಡು ಆರ್ ಬರೆಸಿದ್ದರಿಂದ ಅದನ್ನು ಓದುವವರದು ಮೂರನೆಯದು. “ಒಂದು ಅಫಿಡವಿಟ್ ಮಾಡಿಸಿ ಸಾದಾ ಮಾಡಿಸಿಕೋರಿ ಟೀಚರ್,” ಎಂದು ಸಹೋದ್ಯೋಗಿಗಳು ಎಷ್ಟೋ ಸಲ ಹೇಳಿದರು. ಮಾಡಿಸಬೇಕೆಂದು ನನಗೂ ಅನಿಸಿದ್ದುಂಟು. ಆದರೆ ಅಪ್ಪನಿಗೆ ಏನಂತ ಹೇಳುವುದು?

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದಿತು, ಮಾತು ನಿಂತಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಮಾತು ಕಲಿಸುವ ಹುಡುಗಿ ದಿನಾ ಬಂದು ಒಂದೊಂದೇ ಪದ ಹೇಳಿಸುತ್ತಿದ್ದಳು. ನೀರು ಬಂತು, ಚಾ ಬಂತು, ಅವ್ವನ ಹೆಸರೂ ಬಂತು. ಒಂದು ದಿನ ಬಾಗಿಲಲ್ಲಿ ನನ್ನನ್ನು ಕಂಡು ಕರೆದರು. ಱ ಇರಬೇಕಾದಲ್ಲಿ ಮೆತ್ತಗಿನ ಲ ಹೊರಬಿತ್ತು. ನನಗಂತೂ ಅವರು ಕರೆದರಲ್ಲ ಎಂಬುದೇ ಹಿಗ್ಗು. ಅಪ್ಪನಿಗೆ ಮಾತ್ರ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಮತ್ತೆ ಪ್ರಯತ್ನಿಸಿದರು, ಮತ್ತೆ ಲ. ಬಾಯಿ ಮುಚ್ಚಿ ಗೋಡೆಯ ಕಡೆ ಹೊರಳಿದರು.

ಮನೆಗೆ ಕರೆತಂದ ಮೇಲೆ ಉಳಿದ ಮಾತು ನಿಧಾನಕ್ಕೆ ಕೂಡಿಬಂತು. ನನ್ನ ಹೆಸರು ಮಾತ್ರ ಅವರು ಎತ್ತಲೇ ಇಲ್ಲ. ನಾನು ಬೇಕಾದರೆ ಎಡಗೈಯಿಂದ ಮಂಚದ ಪಟ್ಟಿ ಬಡಿಯುತ್ತಿದ್ದರು. “ಹೆಂಗಾರ ಕರೀರಿ, ಆಕೀ ಓ ಅಂತಾಳ,” ಎಂದು ಅವ್ವ ಹೇಳಿ ಹೇಳಿ ಸೋತಳು. ನಾನು ವಾರಕ್ಕೊಮ್ಮೆ ಹೋಗಿ, ಆ ಬಡಿತ ಕೇಳಿ, ಬಸ್ಸಿನಲ್ಲಿ ಮುಖ ಕಿಟಕಿಗೆ ಹಚ್ಚಿಕೊಂಡು ಬರುತ್ತಿದ್ದೆ.

ನಾನು ಹೋಗಿದ್ದ ಒಂದು ರವಿವಾರ ಬೆಳಿಗ್ಗೆ ಅವ್ವ ಚಾ ತಂದು ಅಪ್ಪನ ಎದುರು ಕೂತಳು. “ಇವತ್ತ ನಾ ಅಂತೀನ್ರಿ. ತಪ್ಪಿದ್ರ ನೀವು ತಿದ್ರಿ,” ಅಂದಳು. ನನ್ನ ಹೆಸರು ಹೇಳಿದಳು, ಜೀವಮಾನದಲ್ಲಿ ಮೊದಲ ಸಲ ಒತ್ತಿ. ಕೆಟ್ಟದಾಗಿ ಬಂತು. ಅಪ್ಪ ತಲೆ ಅಲ್ಲಾಡಿಸಿದರು. ಮತ್ತೆ ಹೇಳಿದಳು, ಇನ್ನೂ ಕೆಟ್ಟದಾಯಿತು. ಅಪ್ಪನಿಗೆ ತಡೆಯಲಾಗಲಿಲ್ಲ. ಬಾಯಿ ತೆರೆದು, ನಾಲಿಗೆ ಮೇಲೆ ಮಡಿಸಿ, ಬೆರಳಿನಿಂದ ತೋರಿಸಿದರು: ಇಲ್ಲಿ, ಇಲ್ಲಿ ಹಚ್ಚು. ಅವ್ವ ಅವರ ಬಾಯೊಳಗೆ ಇಣುಕಿ ನೋಡಿ, ತನ್ನ ನಾಲಿಗೆಯನ್ನೂ ಹಾಗೇ ಮಡಿಸಿ, ಎಂಥದೋ ಗೊರಕೆಯಂಥ ದನಿ ಹೊರಡಿಸಿದಳು. ಅಪ್ಪನಿಗೆ ನಗು ಬಂತು. ಅರ್ಧ ಬಾಯಿಯ ನಗು, ಆದರೆ ಮೊದಲಿನ ನಗುವೇ. ನಗುತ್ತಲೇ ನನ್ನ ಕಡೆ ತಿರುಗಿ, ಲ ಹಚ್ಚಿ, ನನ್ನನ್ನು ಕರೆದರು.

“ಏನ್ರಿ ಅಪ್ಪಾ,” ಅಂದೆ. ಹೋಗಿ ಅವರ ಮಗ್ಗುಲಿಗೆ ಕೂತೆ.

ಈಗ ಅಪ್ಪ ನನ್ನನ್ನು ಲ ಹಚ್ಚಿ ಧೈರ್ಯವಾಗಿ ಕರೆಯುತ್ತಾರೆ. ಱ ಅವ್ವನ ಪಾಲಿಗೆ ಬಂದಿದೆ. ಅಂಗಮರ್ದನಕ್ಕೆ ಬರುವವನು ಮೊನ್ನೆ ಸಾದಾ ರ ಹಚ್ಚಿ ನನ್ನ ಹೆಸರು ಹಿಡಿದು, “ಬಂದಾರೇನ್ರಿ?” ಎಂದು ಕೇಳಿದ. “ಹಂಗಲ್ಲಪಾ, ಒತ್ತಿ ಅನ್ನಬೇಕು,” ಎಂದು ಅವ್ವ ಅವನನ್ನು ನಿಲ್ಲಿಸಿ ಹೇಳಿಕೊಟ್ಟಳು.

ಅವನು ಹೋದ ಮೇಲೆ ನಾನು ಕೇಳಿದೆ, “ಅವ್ವಾ, ಇಷ್ಟು ವರ್ಷ ಯಾಕ ಹಿಂಗ ಅನ್ನಲಿಲ್ಲ?”

“ಅವರು ಅಂತಿದ್ರಲ್ಲ,” ಅಂದಳು. “ಮನ್ಯಾಗ ಒಬ್ಬರು ಅಂದ್ರ ಸಾಕಾಗತಿತ್ತು.”

ಅಷ್ಟರಲ್ಲಿ ಅಪ್ಪ ಒಳಗಿನಿಂದ ನನ್ನನ್ನು ಕರೆದರು. ಪೇಪರ್ ಬಂದಿತ್ತು, ಓದಿ ಹೇಳಬೇಕಿತ್ತು.