ಜಪಾನ್ ಅಪ್ಪಾಸಾಹೇಬರು

ಫಾಸ್ಟರ್ ಸಿಟಿಯ ಕನ್ನಡಿಗರಲ್ಲಿ ಯಾರಾದರೂ ಜಪಾನಿಗೆ ಟಿಕೆಟ್ ತೆಗೆಸಿದರೆ, ಅದು ಅವನ ಹೆಂಡತಿಗಿಂತ ಮೊದಲು ಅಪ್ಪಾಸಾಹೇಬರಿಗೆ ಗೊತ್ತಾಗುತ್ತದೆ. ಹಿಂದೊಮ್ಮೆ ಆಫೀಸಿನ ಕೆಲಸಕ್ಕೆ ಹನ್ನೊಂದು ದಿನ ಅಲ್ಲಿದ್ದು ಬಂದವರು, ಈಗ ಆ ದೇಶವನ್ನು ತಾವೇ ಹೆತ್ತವರ ಹಾಗೆ ಮಾತಾಡುತ್ತಾರೆ. ಸೋಮವಾರ ಮೊದಲ ಸಲ ಒಸಾಕಾಕ್ಕೆ ಮೀಟಿಂಗಿಗೆ ಹೊರಡಬೇಕಿದ್ದ ಜಯರಾಮನ ಅಪಾರ್ಟ್‌ಮೆಂಟಿಗೆ ಇದು ಅವರ ನಾಲ್ಕನೇ ಸವಾರಿ. ಸೂಟ್‌ಕೇಸು ಬಾಯಿ ತೆರೆದುಕೊಂಡೇ ಬಿದ್ದಿತ್ತು. "ಟ್ರೇನಿನ್ಯಾಗ ಫೋನ್ ಎತ್ತಬ್ಯಾಡೋ ತಮ್ಮಾ. ಸ್ಟೇಷನ್ ಗೇಟಿನ್ಯಾಗ ತೂರಿಸಿದ ಟಿಕೀಟು ಆಚೀಕಡೆ ಬರ್ತದ, ಮರೀದ ತಗೋ, ಇಳಿದ ಮ್ಯಾಲೆ ಮತ್ತ ಬೇಕು. ಸಂಡಾಸದ ಚಪ್ಪಲಿ ಮೆಟ್ಟಿಕೊಂಡು ಪಡಸಾಲಿಗೆ ಬಂದ್ಯೋ, ಮುಗೀತು ನಿನ್ನ ಕತಿ!" ಎಂದರು ಅಪ್ಪಾಸಾಹೇಬರು. "ಸಾರ್, ಇದನ್ನ ನಾಲ್ಕನೇ ಸಲ ಹೇಳ್ತಿದೀರ," ಎಂದ ಜಯರಾಮ್ ಹಲ್ಲು ಕಚ್ಚಿ. ಅನ್ನದಲ್ಲಿ ಊಟದ ಕಡ್ಡಿ ನೆಡಬಾರದು, ಅಲ್ಲಿ ಅದು ಸತ್ತವರ ಎಡೆಗೆ ಮಾತ್ರ ಎಂಬ ಪಾಠಕ್ಕೆ ಅವರು ಹೋದ ಸಲ ಅವನ ಮೊಸರನ್ನದಲ್ಲೇ ಪೆನ್ಸಿಲ್ ನೆಟ್ಟು ತೋರಿಸಿದ್ದರು. ಇವತ್ತು ಎದ್ದು ನಿಂತು, ನಡು ಬಗ್ಗಿಸಿ, ತಮ್ಮ ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಿಂದ ಚಾಚಿದರು. "ಅಲ್ಲಿ ಕಾರ್ಡು ಕೊಟ್ರ ಪ್ರಸಾದ ತಗೊಂಡಂಗ ತಗೋ. ಓದು. ಕಿಸೇದಾಗ ತುರುಕಬ್ಯಾಡ, ಎದುರಿಗೆ ಇಟ್ಕೋ." ಚಿನ್ನದ ಅಂಚಿನ ಕಾರ್ಡು; ಡೈರೆಕ್ಟರ್, ಎಂಜಿನಿಯರಿಂಗ್ ಎಂದಿತ್ತು. ಅವರು ಕೆಲಸ ಮಾಡುತ್ತಿದ್ದ ಆ ಡಾಟ್‌ಕಾಮ್ ಕಂಪನಿ ಈ ಯುಗಾದಿಗೆ ಮೊದಲೇ ಮುಚ್ಚಿತ್ತು. ಅಲ್ಲಿಂದೀಚೆಗೆ ಅವರ ಕಾರ್ಡು ಕೇಳಿದವರೇ ಇರಲಿಲ್ಲ. ಜಯರಾಮ್ ಎರಡೂ ಕೈಯೊಡ್ಡಿ ತೆಗೆದುಕೊಂಡ, ಹೆಸರನ್ನೂ ಹುದ್ದೆಯನ್ನೂ ಗಟ್ಟಿಯಾಗಿ ಓದಿದ, ಮೇಜಿನ ಮೇಲೆ ಎದುರಿಗೇ ಇಟ್ಟುಕೊಂಡ. "ಕೂತ್ಕೊಳ್ಳಿ ಸಾರ್," ಎಂದ, "ಆ ಟಿಕೆಟ್ ವಿಷಯ ಇನ್ನೊಂದ್ಸಲ ಹೇಳಿ."